ಯಾವ ಬದಿಯ ಕಿಟಕಿ?

ಬೇಸಗೆಯ ರಜೆ ಸಮೀಪಿಸಿತೆಂದರೆ ನಮ್ಮ ಶಾಲೆಯ ಪಡಸಾಲೆಯಲ್ಲಿ ಊರಿನ ಮಾತು ಮೊದಲಾಗುತ್ತದೆ. ಒಬ್ಬನು ರೈಲಿನಲ್ಲಿ ಹೋಗುವವನು. ಇನ್ನೊಬ್ಬಳು ರಾತ್ರಿಯ ಬಸ್ಸಿನಲ್ಲಿ ಹೋಗುವವಳು. ಮತ್ತೊಬ್ಬನು ಈ ಸಲ ವಿಮಾನದಲ್ಲಿ ಹೋಗುವವನು. ವಾಹನ ಯಾವುದಾದರೂ ಆಗಲಿ, ಎಲ್ಲರ ಬೇಡಿಕೆ ಒಂದೇ: ಕಿಟಕಿಯ ಬದಿಯ ಸೀಟು ತನಗೇ ಬೇಕು. ಅಣ್ಣ ತಂಗಿಯರ ನಡುವೆ ಜಗಳವಾಗುತ್ತದೆ. ‘ಅರ್ಧ ದಾರಿ ಅವನು, ಅರ್ಧ ದಾರಿ ನೀನು’ ಎಂದು ತಾಯಿ ತೀರ್ಪು ಕೊಡುತ್ತಾಳೆ. ಆದರೆ ಕಿಟಕಿ ಬೇಕೆನ್ನುವ ಇಷ್ಟು ಜನರಲ್ಲಿ ‘ಯಾವ ಬದಿಯ ಕಿಟಕಿ?’ ಎಂದು ಕೇಳಿದವರನ್ನು ನಾವು ಕಂಡಿರುವುದು ವಿರಳ.

ಈ ಪ್ರಶ್ನೆ ಚಿಕ್ಕದೆಂದು ಯಾರೂ ತಿಳಿಯಬಾರದು. ವಿಮಾನದಲ್ಲಿ ಒಳ್ಳೆಯ ನೋಟ ದೊರಕುವುದು ಅದೃಷ್ಟದಿಂದಲ್ಲ, ಹೆಚ್ಚು ಹಣ ತೆತ್ತುದರಿಂದಲೂ ಅಲ್ಲ. ಹೊರಡುವ ಮೊದಲು ಭೂಪಟದ ಮುಂದೆ ಕಳೆದ ಅರ್ಧ ಗಂಟೆಯಿಂದ ಎಂಬುದು ನಮ್ಮ ಅಭಿಪ್ರಾಯ. ಅದನ್ನು ಇಲ್ಲಿ ಸಕಾರಣವಾಗಿ ನಿರೂಪಿಸಲು ಯತ್ನಿಸುತ್ತೇವೆ.

ಮುಂಬಯಿಯಿಂದ ಕನ್ನಡನಾಡಿಗೆ ಆಕಾಶಮಾರ್ಗ ತೆರೆದುದು ನಿನ್ನೆ ಮೊನ್ನೆಯಲ್ಲ. 1932ನೆಯ ಇಸವಿ ಅಕ್ಟೋಬರ್ 15ರಂದು ಜೆ. ಆರ್. ಡಿ. ಟಾಟಾ ಅವರು ಒಂದು ಪುಟ್ಟ ವಿಮಾನದಲ್ಲಿ ಕರಾಚಿಯಿಂದ ಅಂಚೆಯ ಚೀಲಗಳನ್ನು ಹೇರಿಕೊಂಡು, ಅಹಮದಾಬಾದಿನಲ್ಲಿ ಇಳಿದು, ಮುಂಬಯಿಯ ಜುಹುವಿಗೆ ಬಂದರು. ಆ ಅಂಚೆಯನ್ನು ಅಲ್ಲಿಂದ ಮುಂದೆ ಮದರಾಸಿಗೆ ಒಯ್ದವರು ಅವರ ಸಹಚರರಾದ ನೆವಿಲ್ ವಿನ್ಸೆಂಟ್. ನಡುವೆ ಆ ವಿಮಾನ ಇಳಿದ ಊರು ಯಾವುದು ಬಲ್ಲಿರಾ? ನಮ್ಮ ಬಳ್ಳಾರಿ! ಮಂಗಳೂರಿನ ಬಜ್ಪೆಯ ಗುಡ್ಡದ ಮೇಲೆ ವಿಮಾನನಿಲ್ದಾಣವಾದುದು 1951ರಲ್ಲಿ. ಆದರೂ ಬಹುಕಾಲ ವಿಮಾನವು ಸಿರಿವಂತರ ವಾಹನವಾಗಿಯೇ ಉಳಿಯಿತು. ಗೊರೂರಿನಲ್ಲಿ ಬೆಳೆದ ಕ್ಯಾಪ್ಟನ್ ಗೋಪಿನಾಥರು 2003ರಲ್ಲಿ ಕಡಿಮೆ ದರದ ವಿಮಾನಗಳನ್ನು ಆರಂಭಿಸಿದ ಮೇಲೆ ಸಾಮಾನ್ಯ ಕುಟುಂಬಗಳವರಿಗೂ ಆ ಬಾಗಿಲು ಸ್ವಲ್ಪ ತೆರೆಯಿತು. ಬಾಗಿಲೇನೋ ತೆರೆಯಿತು, ಒಳಗೆ ಹೋದವರು ಕಿಟಕಿಯನ್ನು ಮುಚ್ಚಿಕೊಂಡರೆ ಏನು ಹೇಳೋಣ?

ಇನ್ನು ವಿಷಯಕ್ಕೆ ಬರೋಣ. ಒಳ್ಳೆಯ ಕಿಟಕಿಯನ್ನು ಆರಿಸುವವನು ಮೂರು ಸಂಗತಿಗಳನ್ನು ವಿಚಾರಿಸಬೇಕು: ದಾರಿ, ಸೂರ್ಯ, ರೆಕ್ಕೆ.

ಮೊದಲನೆಯದು ದಾರಿ. ಶಾಲೆಯ ಭೂಪಟದ ಪುಸ್ತಕವನ್ನು ತೆರೆಯಿರಿ. ಅಳತೆಪಟ್ಟಿಯನ್ನು ಮುಂಬಯಿಗೂ ಮಂಗಳೂರಿಗೂ ತಗಲಿಸಿ ಪೆನ್ಸಿಲಿನಿಂದ ನೇರವಾದ ಒಂದು ಗೆರೆ ಎಳೆಯಿರಿ. ವಿಮಾನವು ಕೂದಲೆಳೆಯಷ್ಟೂ ತಪ್ಪದೆ ಆ ಗೆರೆಯ ಮೇಲೆಯೇ ಹಾರುವುದೆಂದಲ್ಲ. ಹವೆಯೂ ಇತರ ವಿಮಾನಗಳ ಸಂಚಾರವೂ ಅದನ್ನು ಅತ್ತಿತ್ತ ಸರಿಸುವುದುಂಟು. ಆದರೂ ಗೆರೆಯು ಒಳ್ಳೆಯ ಮಾರ್ಗದರ್ಶಿ. ಸುಮಾರು 700 ಕಿಲೋಮೀಟರುಗಳ ಈ ಗೆರೆಯ ಸೊಗಸನ್ನು ನೋಡಿರಿ: ಅದು ಸಹ್ಯಾದ್ರಿಗೂ ಅರಬ್ಬೀ ಸಮುದ್ರಕ್ಕೂ ನಡುವಿನ ಕಿರಿದಾದ ಕರಾವಳಿಯ ಪಟ್ಟಿಯ ಮೇಲೆಯೇ ಸಾಗುತ್ತದೆ. ದಕ್ಷಿಣಕ್ಕೆ ಹೋಗುವವನ ಬಲಗಡೆ ಕಡಲು, ಎಡಗಡೆ ಘಟ್ಟ. ಬಲಗಡೆಯ ಕಿಟಕಿಯಲ್ಲಿ ರತ್ನಾಗಿರಿಯ ಕೊಲ್ಲಿಗಳು, ಗೋವೆಯ ಅಳಿವೆಗಳು, ಕಾರವಾರದಲ್ಲಿ ಕಾಳಿನದಿಯ ಅಗಲವಾದ ಮುಖ, ಅದರ ಎದುರಿನ ನಡುಗಡ್ಡೆಗಳು ಒಂದೊಂದಾಗಿ ಬರುತ್ತವೆ. ಎಡಗಡೆಯ ಕಿಟಕಿಯಲ್ಲಿ ಕೊಯ್ನಾ ಜಲಾಶಯ, ಘಟ್ಟದ ಕಡುಹಸಿರು ಗೋಡೆ, ಮತ್ತೆ ಶರಾವತಿಗೆ ಕಟ್ಟಿದ ಲಿಂಗನಮಕ್ಕಿಯ ವಿಶಾಲ ಜಲರಾಶಿ. ಕೊನೆಯಲ್ಲಿ ನೇತ್ರಾವತಿಯೂ ಗುರುಪುರ ನದಿಯೂ ಒಟ್ಟಿಗೆ ಕಡಲನ್ನು ಸೇರುವ ಮಂಗಳೂರಿನ ಅಳಿವೆ.

ಬೆಂಗಳೂರಿಗೆ ಹೋಗುವವರ ಗೆರೆ ಬೇರೆ ಬಗೆಯದು. ಅದು ಮುಂಬಯಿಯಿಂದ ಆಗ್ನೇಯಕ್ಕೆ ಹೊರಟು, ಸಹ್ಯಾದ್ರಿಯನ್ನು ದಾಟಿ, ಸಾತಾರಾ ಸಾಂಗ್ಲಿಗಳ ಆಸುಪಾಸಿನಲ್ಲಿ ಸಾಗಿ, ಕೃಷ್ಣೆಯ ಬಯಲನ್ನು ಹಾಯ್ದು ಕರ್ನಾಟಕವನ್ನು ಹೊಗುತ್ತದೆ. ಈ ದಾರಿಯಲ್ಲಿ ನೋಡತಕ್ಕದ್ದು ನೆಲದ ಬಣ್ಣ. ಮೊದಲು ಮೆಟ್ಟಿಲು ಮೆಟ್ಟಿಲಾಗಿ ಕಡಿದಂತಿರುವ ಚಪ್ಪಟೆ ತಲೆಯ ಬೆಟ್ಟಗಳು. ಇವು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಭೂಮಿಯಿಂದ ಉಕ್ಕಿದ ಲಾವಾರಸ ಪದರ ಪದರವಾಗಿ ಹೆಪ್ಪುಗಟ್ಟಿದುದರಿಂದ ಆದವು. ಬಳಿಕ ಉತ್ತರ ಕರ್ನಾಟಕದ ಕರಿನೆಲ. ಅದೂ ಕಳೆದ ಮೇಲೆ ಕೆಂಪು ಮಣ್ಣು, ಹೆಬ್ಬಂಡೆಗಳ ಗುಡ್ಡಗಳು. ಎಡಗಡೆಯಲ್ಲಿ ಕುಳಿತವನಿಗೆ 1953ರಲ್ಲಿ ಮುಗಿದ ತುಂಗಭದ್ರಾ ಅಣೆಕಟ್ಟಿನ ಜಲಾಶಯ ಕಡಲಿನ ತುಂಡಿನಂತೆ ಕಾಣುತ್ತದೆ, ಅದರಾಚೆಗೆ ಹಂಪೆ. ಬೆಂಗಳೂರು ಹತ್ತಿರವಾದಂತೆ ಕೆರೆಗಳು ಮೊದಲಾಗುತ್ತವೆ. ನಮ್ಮ ಹಿರಿಯರು ಹಳ್ಳಿ ಹಳ್ಳಿಗೂ ಕಟ್ಟಿಸಿದ ಕೆರೆಗಳು ಬಿಸಿಲಿಗೆ ಒಂದರ ಹಿಂದೊಂದು ಕನ್ನಡಿಗಳಂತೆ ಹೊಳೆಯುವುದನ್ನು ಮೇಲಿನಿಂದ ನೋಡಿದಲ್ಲದೆ, ‘ಕೆರೆಯಂ ಕಟ್ಟಿಸು’ ಎಂದು ಒಬ್ಬ ತಾಯಿ ಮಗನಿಗೆ ಏಕೆ ಹೇಳುತ್ತಿದ್ದಳೆಂಬುದು ಪೂರ್ಣವಾಗಿ ತಿಳಿಯಲಾರದು.

ಇದೇ ಲೆಕ್ಕ ಎಲ್ಲ ದಾರಿಗಳಿಗೂ ಸಲ್ಲುತ್ತದೆ. ದಿಲ್ಲಿಯಿಂದ ಪೂರ್ವಕ್ಕೆ ಬಾಗ್‌ಡೋಗ್ರಾಕ್ಕೋ ಗುವಾಹಟಿಗೋ ಹೋಗುವ ವಿಮಾನದಲ್ಲಿ ಹಿಮಾಲಯವು ಉತ್ತರಕ್ಕೆ, ಎಂದರೆ ಎಡಗಡೆಗೆ ಇರುತ್ತದೆ. ತಿಳಿಯಾದ ದಿನ ಹಿಮದ ಶಿಖರಗಳ ಸಾಲು ಮೋಡಗಳ ಮೇಲೆ ತೇಲುವಂತೆ ತೋರುತ್ತದೆ. ಮರಳಿ ಬರುವಾಗ ಅದೇ ಹಿಮಾಲಯ ಬಲಗಡೆಗೆ ಬರುತ್ತದೆ. ‘ಹೋಗುವಾಗ ಎಡಗಡೆ ಕುಳಿತೆವು, ಬರುವಾಗಲೂ ಎಡಗಡೆಯೇ ಇರಲಿ’ ಎಂದವನಿಗೆ ಗಂಗೆಯ ಬಯಲು ಮಾತ್ರ ಸಿಕ್ಕೀತು!

ಎರಡನೆಯದು ಸೂರ್ಯ. ಬಿಸಿಲು ನೇರವಾಗಿ ಬೀಳುವ ಕಿಟಕಿಯಲ್ಲಿ ಗಾಜಿನ ಮೇಲಿನ ಗೀರುಗಳೆಲ್ಲ ಹೊಳೆದು ಕಣ್ಣು ಕುಕ್ಕುತ್ತವೆ. ಹೊರಗಿನ ನೆಲ ಮಬ್ಬಾಗಿ ಕಾಣುತ್ತದೆ. ಕೊನೆಗೆ ತಾಳಲಾರದೆ ಪರದೆಯನ್ನು ಎಳೆದುಬಿಡುತ್ತೇವೆ. ನೆರಳಿನ ಬದಿಯಲ್ಲಿ ಕುಳಿತವನಿಗಾದರೋ ಸೂರ್ಯನು ಬೆನ್ನ ಹಿಂದಿನ ದೀಪದಂತೆ ನೆಲವನ್ನು ಬೆಳಗಿ ತೋರಿಸುತ್ತಾನೆ. ಆದುದರಿಂದ ಕರಾವಳಿಯ ದಾರಿಗೆ ನಾವು ಒಂದು ಸೂತ್ರವನ್ನು ಕಟ್ಟಿಕೊಂಡಿದ್ದೇವೆ: ಮುಂಜಾನೆ ಕಡಲು, ಸಂಜೆ ಘಟ್ಟ. ಬೆಳಗಿನ ಹೊತ್ತು ಸೂರ್ಯ ಪೂರ್ವದಲ್ಲಿರುವುದರಿಂದ ಪಶ್ಚಿಮದ ಕಡಲನ್ನು ನೋಡಬೇಕು. ಅಪರಾಹ್ಣದಲ್ಲಿ ಪೂರ್ವದ ಘಟ್ಟವನ್ನು ನೋಡಬೇಕು. ಹೋಗುವಾಗಲೂ ಬರುವಾಗಲೂ ಈ ಸೂತ್ರ ಒಂದೇ. ಎಡ ಬಲಗಳು ಮಾತ್ರ ಅದಲುಬದಲಾಗುತ್ತವೆ. ಕಡಲಿನಲ್ಲಿ ಸೂರ್ಯಾಸ್ತವನ್ನೇ ನೋಡಬೇಕೆಂಬ ರಸಿಕರು ಈ ಸೂತ್ರವನ್ನು ಮುರಿಯಲು ನಮ್ಮ ಅಡ್ಡಿಯಿಲ್ಲ.

ನೆರಳಿನ ಬದಿಗೆ ಇನ್ನೊಂದು ಉಡುಗೊರೆಯೂ ಉಂಟು. ಕೆಳಗೆ ಬಿಳಿಮೋಡ ಹಾಸಿದ್ದಾಗ ವಿಮಾನದ ನೆರಳು ಅದರ ಮೇಲೆ ಓಡುತ್ತಿರುತ್ತದೆ. ಆ ನೆರಳಿನ ಸುತ್ತ ಕೆಲವೊಮ್ಮೆ ಬಣ್ಣದ ಬಳೆಯೊಂದು ಮೂಡುತ್ತದೆ. ಮೋಡದೊಳಗಿನ ಸಣ್ಣ ಸಣ್ಣ ನೀರಹನಿಗಳು ಬೆಳಕನ್ನು ಬಂದ ಕಡೆಗೇ ಹಿಂದಿರುಗಿಸುವುದರಿಂದ ಆಗುವ ಸೋಜಿಗವದು. ಸೂರ್ಯನ ಬದಿಯಲ್ಲಿ ಕುಳಿತವನಿಗೆ ಇದು ಎಂದೂ ಕಾಣದು.

ಮೂರನೆಯದು ರೆಕ್ಕೆ. ನಮ್ಮ ದೇಶದಲ್ಲಿ ಹೆಚ್ಚಾಗಿ ಹಾರುವ ಏರ್‌ಬಸ್ 320, ಬೋಯಿಂಗ್ 737 ಜಾತಿಯ ವಿಮಾನಗಳಲ್ಲಿ ನಡುದಾರಿಯ ಎರಡು ಕಡೆಯೂ ಮೂರು ಮೂರು ಸೀಟುಗಳಿರುತ್ತವೆ. ‘ಎ’ ಎಂಬುದು ಎಡಗಡೆಯ ಕಿಟಕಿ, ‘ಎಫ್’ ಎಂಬುದು ಬಲಗಡೆಯ ಕಿಟಕಿ. ಸುಮಾರು 10ನೆಯ ಸಾಲಿನಿಂದ 20ನೆಯ ಸಾಲಿನವರೆಗೆ ಕುಳಿತವರಿಗೆ ಕೆಳಗಿನ ನೆಲಕ್ಕೆ ಬದಲಾಗಿ ರೆಕ್ಕೆಯೇ ಕಾಣುತ್ತದೆ. ರೆಕ್ಕೆಯ ಮುಂದಿನ ಸಾಲುಗಳು ಉತ್ತಮ. ತೀರ ಹಿಂದಿನವು ಮಧ್ಯಮ, ಏಕೆಂದರೆ ಎಂಜಿನಿನ ಬಿಸಿಗಾಳಿ ಹಿಂದಕ್ಕೆ ಹರಿದು ನೋಟವು ಸ್ವಲ್ಪ ನಡುಗಿದಂತೆ ತೋರುವುದುಂಟು. ಮುಂದಿನ ಸಾಲುಗಳಿಗೆ ಹೆಚ್ಚು ಹಣ ಕೇಳುವ ಪದ್ಧತಿ ಇದೆ. ಅದನ್ನು ಕೊಡಲೇಬೇಕೆಂದು ನಾವು ಯಾವ ತಂದೆಗೂ ಹೇಳೆವು; ಸರಿಯಾದ ಬದಿಯ ಹಿಂದಿನ ಸೀಟು ತಪ್ಪು ಬದಿಯ ಮುಂದಿನ ಸೀಟಿಗಿಂತ ಎಷ್ಟೋ ಮೇಲು. ಒಂದು ಎಚ್ಚರಿಕೆ ಮಾತ್ರ ಅಗತ್ಯ: ಕೆಲವು ಬೋಯಿಂಗ್ ವಿಮಾನಗಳಲ್ಲಿ ಗಾಳಿಯ ಕೊಳವೆ ಗೋಡೆಯೊಳಗೆ ಹಾದುಹೋಗುವ ಒಂದು ಸಾಲಿನಲ್ಲಿ ಕಿಟಕಿಯೇ ಇರುವುದಿಲ್ಲ. ಹೆಸರಿಗೆ ಕಿಟಕಿಯ ಸೀಟು, ಎದುರಿಗೆ ಗೋಡೆ! ಚಿಕ್ಕ ಊರುಗಳಿಗೆ ಹೋಗುವ ಎ. ಟಿ. ಆರ್. ಎಂಬ ಪಂಖದ ವಿಮಾನಗಳಲ್ಲಾದರೋ ರೆಕ್ಕೆಯು ಕಿಟಕಿಗಳ ಮೇಲ್ಗಡೆಗೆ ಇರುತ್ತದೆ. ಅವು ಹಾರುವುದೂ ತಗ್ಗಿನಲ್ಲಿ. ಅವುಗಳನ್ನು ಹಳೆಯ ಮಾದರಿಯೆಂದು ಮೂಗು ಮುರಿಯುವವರುಂಟು. ನೆಲ ನೋಡುವವನಿಗೆ ಅವೇ ರಾಜಯೋಗ್ಯ ವಾಹನ.

ಇವುಗಳ ಮೇಲೆ ಋತುವಿನ ಅನುಗ್ರಹವೂ ಬೇಕು. ಜೂನಿನಿಂದ ಸೆಪ್ಟೆಂಬರಿನವರೆಗೆ ಕರಾವಳಿಯ ಮೇಲೆ ಮೋಡದ ಚಪ್ಪರ. ಮೇ ತಿಂಗಳಲ್ಲಿ ಧೂಳು, ಮಬ್ಬು. ಮಳೆ ಕಳೆದು ಗಾಳಿ ತೊಳೆದಂತಿರುವ ದಿನಗಳೇ ಶ್ರೇಷ್ಠ. ಆದುದರಿಂದ ದೀಪಾವಳಿಯ ರಜೆಯ ಪ್ರಯಾಣ ಬೇಸಗೆಯದಕ್ಕಿಂತ ಮೇಲು. ಎಷ್ಟು ದೂರ ಕಂಡೀತೆಂದು ಗಣಿತ ಬಲ್ಲ ವಿದ್ಯಾರ್ಥಿಗಳು ತಾವೇ ಲೆಕ್ಕ ಹಾಕಬಹುದು: ಎತ್ತರವನ್ನು ಮೀಟರುಗಳಲ್ಲಿ ಬರೆದು, ಅದರ ವರ್ಗಮೂಲವನ್ನು 3.57ರಿಂದ ಗುಣಿಸಿದರೆ ಕ್ಷಿತಿಜದ ದೂರ ಕಿಲೋಮೀಟರುಗಳಲ್ಲಿ ಬರುತ್ತದೆ. ಜುಹುವಿನ ಮರಳಿನಲ್ಲಿ ನಿಂತವನಿಗೆ ಅದು 5 ಕಿಲೋಮೀಟರಿಗಿಂತಲೂ ಕಡಿಮೆ. 10,000 ಮೀಟರ್ ಎತ್ತರದಲ್ಲಿ ಹಾರುವವನಿಗೆ 357 ಕಿಲೋಮೀಟರ್! ಇಷ್ಟು ವಿಸ್ತಾರವಾದ ನೋಟ ಹಿಂದಿನ ಚಕ್ರವರ್ತಿಗಳಿಗೂ ಇರಲಿಲ್ಲ. ಕಾಳಿದಾಸನು ಮೇಘದೂತದಲ್ಲಿ ಬೆಟ್ಟ, ನದಿ, ನಗರಗಳನ್ನು ಮೇಲಿನಿಂದ ಕಾಣಿಸಬೇಕಾದಾಗ ಒಂದು ಮೋಡದ ಬೆನ್ನು ಹತ್ತಿದನು. ನಮ್ಮಲ್ಲಿ ಅನೇಕರು ಆ ಮೋಡಕ್ಕಿಂತಲೂ ಮೇಲೆ ಕುಳಿತು ನಿದ್ರಿಸುತ್ತೇವೆ.

ಇಲ್ಲಿ ಕೆಲವರು ಆಕ್ಷೇಪಿಸಬಹುದು: ‘ಒಂದೂಕಾಲು ಗಂಟೆಯ ಪ್ರಯಾಣಕ್ಕೆ ಇಷ್ಟೊಂದು ಸಿದ್ಧತೆ ಏಕೆ? ಮೇಲಿನಿಂದ ತೆಗೆದ ಚಿತ್ರಗಳೆಲ್ಲ ಮೊಬೈಲಿನಲ್ಲೇ ಸಿಗುತ್ತವೆಯಲ್ಲ?’ ಸಿಗುತ್ತವೆ, ನಿಜ. ಭೂಪಟದಲ್ಲಿ ಗೆರೆ ಎಳೆಯುವ ಕೆಲಸಕ್ಕೆ ಅವುಗಳನ್ನೂ ಬಳಸಿರಿ ಎಂದೇ ನಾವು ಹೇಳುತ್ತೇವೆ. ಆದರೆ ಚಿತ್ರ ಬೇರೆ, ದರ್ಶನ ಬೇರೆ. ಈ ಮಾತನ್ನು ನಾವು ಪುಸ್ತಕದಿಂದ ಕಲಿತದ್ದಲ್ಲ; ನಮ್ಮದೇ ಒಂದು ತಪ್ಪಿನಿಂದ ಕಲಿತೆವು. ಅದನ್ನು ಮುಚ್ಚಿಡದೆ ಹೇಳುತ್ತೇವೆ.

ಕೆಲವು ವರ್ಷಗಳ ಹಿಂದೆ ಚಳಿಗಾಲದ ಒಂದು ಮುಂಜಾನೆ ನಾವು ಮಂಗಳೂರಿಗೆ ಹೊರಟಿದ್ದೆವು. ಬಲಗಡೆಯ ಕಿಟಕಿ, ರೆಕ್ಕೆಯ ಮುಂದಿನ ಸಾಲು, ತಿಳಿಯಾದ ಆಕಾಶ; ಮೇಲೆ ಹೇಳಿದ ಎಲ್ಲ ಯೋಗಗಳೂ ಕೂಡಿ ಬಂದಿದ್ದವು. ಪಕ್ಕದ ನಡುಸೀಟಿನಲ್ಲಿ ಒಬ್ಬ ವೃದ್ಧೆ ಕುಳಿತಿದ್ದರು. ಮುಂಬಯಿಯಲ್ಲಿ ಮಗನ ಮನೆಯಲ್ಲಿದ್ದವರು. ಮಂಗಳೂರಿನ ಮಗಳ ಮನೆಗೆ ಹೊರಟಿದ್ದರು. ಅದು ಅವರ ಮೊದಲ ವಿಮಾನಪ್ರಯಾಣ. ನಾವು ಪತ್ರಿಕೆಯನ್ನು ಬಿಡಿಸಿ ಓದುತ್ತಿದ್ದೆವು. ಹೊರಟು ಮುಕ್ಕಾಲು ಗಂಟೆ ಆಗಿರಬಹುದು.

‘ಮಗಾ, ಹೊರಗೆ ಏನಾದ್ರೂ ಕಾಣ್ತದ್ಯಾ?’ ಎಂದು ಅವರು ಕೇಳಿದರು.

ನಾವು ಒಮ್ಮೆ ಕಣ್ಣು ಹಾಯಿಸಿ, ‘ಏನಿಲ್ಲಮ್ಮ, ಬರೀ ನೀರು’ ಎಂದು ಮತ್ತೆ ಪತ್ರಿಕೆಗೆ ಮರಳಿದೆವು.

ಅವರು ಸುಮ್ಮನಾಗಲಿಲ್ಲ. ಸ್ವಲ್ಪ ಬಾಗಿ ನಮ್ಮ ಪತ್ರಿಕೆಯ ಮೇಲಿನಿಂದ ಇಣುಕಿ ನೋಡಿದರು. ನೋಡಿದವರು ನಮ್ಮ ತೋಳನ್ನು ಹಿಡಿದುಬಿಟ್ಟರು. ‘ಬರೀ ನೀರಲ್ಲ ಮಗಾ! ಅದು ನಮ್ಮ ಕಾಳಿ ಹೊಳೆ. ಅಕೋ, ಅದು ಕೂರ್ಮಗಡ! ಸಣ್ಣವಳಿದ್ದಾಗ ನರಸಿಂಹ ದೇವರ ಜಾತ್ರೆಗೆ ಅಪ್ಪನ ಜೊತೆ ದೋಣಿಯಲ್ಲಿ ಹೋಗ್ತಿದ್ದೆ. ಅಷ್ಟು ದೊಡ್ಡ ಕಡಲು ಅಂತ ಹೆದರ್ತಿದ್ದೆ. ಇಲ್ಲಿಂದ ನೋಡಿದ್ರೆ ಒಂದು ಮಾರು ದೂರ!’

ನಾವು ಎದ್ದು ನಮ್ಮ ಸೀಟನ್ನು ಅವರಿಗೆ ಬಿಟ್ಟುಕೊಟ್ಟೆವು. ಅವರು ಗಾಜಿಗೆ ಹಣೆ ತಾಗಿಸಿ ಮಂಗಳೂರು ಬರುವವರೆಗೂ ಮುಖ ತಿರುಗಿಸಲಿಲ್ಲ. ಗಂಗಾವಳಿ, ಅಘನಾಶಿನಿ, ಶರಾವತಿ ಎಂದು ಒಂದೊಂದು ಅಳಿವೆಯನ್ನೂ ಹೆಸರು ಹಿಡಿದು ಕರೆಯುತ್ತಿದ್ದರು. ಮಕ್ಕಳ ಮುಂದೆ ನಿಂತು ‘ಪಶ್ಚಿಮಕ್ಕೆ ಹರಿಯುವ ನದಿಗಳು’ ಎಂಬ ಪಾಠವನ್ನು ಎಷ್ಟೋ ಸಲ ಹೇಳಿದ ನಮಗೆ ಅದೇ ನದಿಗಳು ‘ಬರೀ ನೀರು’ ಆಗಿ ಕಂಡಿದ್ದವು. ಅಂದು ನಾಚಿಕೆಯಾಯಿತು, ಇಂದು ಬರೆಯುವಾಗಲೂ ಆಗುತ್ತಿದೆ. ಅತ್ಯುತ್ತಮವಾದ ಸೀಟಿನಲ್ಲಿ ಕುಳಿತಿದ್ದವರು ನಾವು, ನೋಡಿದವರು ಅವರು.

ಆದುದರಿಂದ, ವಿದ್ಯಾರ್ಥಿ ಮಿತ್ರರೇ, ದಾರಿ, ಸೂರ್ಯ, ರೆಕ್ಕೆ ಎಂಬ ಮೂರು ವಿಚಾರಗಳಿಗೆ ನಾಲ್ಕನೆಯದೊಂದನ್ನು ಸೇರಿಸಬೇಕಾಗಿದೆ. ಅದು ಹೆಸರು. ಹೆಸರು ತಿಳಿಯದವನಿಗೆ ನದಿಯು ನೀರು, ಘಟ್ಟವು ಗುಡ್ಡ, ಊರು ಒಂದಿಷ್ಟು ಚುಕ್ಕೆ. ವಿಮಾನವು ಗಂಟೆಗೆ ಸುಮಾರು 800 ಕಿಲೋಮೀಟರ್, ಎಂದರೆ ನಿಮಿಷಕ್ಕೆ 13 ಕಿಲೋಮೀಟರಿಗೂ ಮಿಕ್ಕಿದ ವೇಗದಲ್ಲಿ ಹೋಗುತ್ತದೆ. ನೀವು ಎಳೆದ ಗೆರೆಯ ಎಡಕ್ಕೆ ಐದು, ಬಲಕ್ಕೆ ಐದು ಹೆಸರುಗಳನ್ನು ಬರೆದು, ಎಷ್ಟನೆಯ ನಿಮಿಷಕ್ಕೆ ಯಾವುದು ಬಂದೀತೆಂದು ಲೆಕ್ಕ ಹಾಕಿ ಒಂದು ಚೀಟಿಯನ್ನು ಕಿಸೆಯಲ್ಲಿಟ್ಟುಕೊಳ್ಳಿರಿ. ಮೊದಲ ಹೆಸರು ಹೊರಗಿನ ನೆಲಕ್ಕೆ ಸರಿಹೊಂದಿದ ಗಳಿಗೆಯಲ್ಲಿ ಆಗುವ ಸಂತೋಷವನ್ನು ನಾವು ಹೇಳಿ ತಿಳಿಸಲಾರೆವು.

ಇದರಲ್ಲಿ ನಮಗೆ ವಿಶೇಷವಾದ ಒಂದು ಪ್ರಯೋಜನವೂ ಕಾಣುತ್ತದೆ. ಮುಂಬಯಿಯಲ್ಲಿ ಹುಟ್ಟಿ ಬೆಳೆದ ಕನ್ನಡದ ಮಕ್ಕಳಿಗೆ ನಾಡೆಂದರೆ ಎರಡು ತುದಿಗಳು ಮಾತ್ರ: ಇಲ್ಲಿ ನಮ್ಮ ಚಾಳು, ಅಲ್ಲಿ ಅಜ್ಜಿಯ ಮನೆ. ನಡುವೆ ಇರುವುದು ನಿದ್ರೆ. ನಮ್ಮ ಹಿರಿಯರು ಹಗಲು ರಾತ್ರಿ ಕುಲುಕಾಡುತ್ತ ಬಸ್ಸಿನಲ್ಲಿ ಬಂದವರು. ಅವರಿಗೆ ಒಂದೊಂದು ಘಟ್ಟದ ತಿರುವೂ ಗೊತ್ತು, ಒಂದೊಂದು ಸೇತುವೆಯೂ ಗೊತ್ತು. ನಮ್ಮ ಪ್ರಯಾಣ ಸುಖವಾದಷ್ಟೂ ನಡುವಿನ ನಾಡು ನಮ್ಮಿಂದ ಮರೆಯಾಗುತ್ತ ಬಂದಿದೆ. 9ನೆಯ ಶತಮಾನದ ಕವಿರಾಜಮಾರ್ಗವು ಕನ್ನಡನಾಡಿನ ಎಲ್ಲೆಗಳನ್ನು ಹೇಳಿದುದು ಎರಡು ನದಿಗಳ ಹೆಸರಿನಿಂದ. ನಾಡನ್ನು ನದಿಗಳಿಂದ ಗುರುತಿಸುವ ಆ ಹಳೆಯ ಕಣ್ಣು ವಿಮಾನದ ಕಿಟಕಿಯಲ್ಲಿ ನಮಗೆ ಮರಳಿ ದೊರಕಬಹುದು. ಎರಡು ತುದಿಗಳನ್ನು ಹೊಲಿಯುವ ದಾರ ಅಲ್ಲಿದೆ.

ವಿಮಾನದಲ್ಲಿ ಹೋಗಲಾಗದವರು ಈ ಲೇಖನವನ್ನು ತಮಗಲ್ಲವೆಂದು ಮಡಿಸಿಡಬಾರದು. ನಮ್ಮ ಶಾಲೆಯ ಹೆಚ್ಚಿನ ಮಕ್ಕಳು ರೈಲಿನಲ್ಲಿ ಹೋಗುವವರೆಂಬುದನ್ನು ನಾವು ಬಲ್ಲೆವು. 1998ರಲ್ಲಿ ಪೂರ್ಣವಾಗಿ ತೆರೆದ ಕೊಂಕಣ ರೈಲುಮಾರ್ಗಕ್ಕೂ ಇದೇ ಸೂತ್ರ: ದಕ್ಷಿಣಕ್ಕೆ ಹೋಗುವಾಗ ಎಡಗಡೆ ಘಟ್ಟ, ಬಲಗಡೆ ಕಡಲಿನ ದಿಕ್ಕು. ಅಲ್ಲಿ ರೆಕ್ಕೆಯ ಅಡ್ಡಿಯಿಲ್ಲ. ಹೊನ್ನಾವರದಲ್ಲಿ ಶರಾವತಿಯನ್ನು ದಾಟುವ ಎರಡು ಕಿಲೋಮೀಟರ್ ಉದ್ದದ ಸೇತುವೆಯ ಮೇಲೆ ಗಾಡಿ ಹೋಗುವಾಗ ನೀರಿನ ವಾಸನೆಯೂ ಬರುತ್ತದೆ. ಯಾವ ವಿಮಾನವೂ ಅದನ್ನು ಕೊಡಲಾರದು.

ಕೊನೆಯದಾಗಿ ಒಂದು ಮಾತು. ವಿಮಾನ ಏರುವಾಗಲೂ ಇಳಿಯುವಾಗಲೂ ಕಿಟಕಿಯ ಪರದೆಯನ್ನು ತೆರೆದಿಡಬೇಕೆಂದು ಸಿಬ್ಬಂದಿಯವರು ಹೇಳುತ್ತಾರೆ. ಅದು ಸುರಕ್ಷತೆಗಾಗಿ ಇರುವ ನಿಯಮ. ನಡುವಿನ ಹೊತ್ತಿಗೆ ಅಂಥ ನಿಯಮವಿಲ್ಲ. ಅದನ್ನು ನಾವೇ ಮಾಡಿಕೊಳ್ಳಬೇಕು. ಕಿಟಕಿಯ ಬದಿಯಲ್ಲಿ ಕುಳಿತವನು ಪಕ್ಕದವರಿಗೂ ತೋರಿಸಲಿ; ತನಗೆ ನೋಡುವ ಮನಸ್ಸಿಲ್ಲದಿದ್ದರೆ ನೋಡುವವರಿಗೆ ಬಿಟ್ಟುಕೊಡಲಿ. ಮನೆಯ ಅಜ್ಜಿ ಜೊತೆಗಿದ್ದರೆ ಜಗಳವೇ ಬೇಡ, ಕಿಟಕಿ ಅವರದೇ. ಅವರ ಬಳಿ ಕುಳಿತು ‘ಇದು ಯಾವ ಹೊಳೆ ಅಜ್ಜೀ?’ ಎಂದು ಕೇಳಿರಿ. ಆ ನಡುಸೀಟಿಗಿಂತ ಒಳ್ಳೆಯ ಸೀಟು ಯಾವ ವಿಮಾನದಲ್ಲಿಯೂ ಇಲ್ಲವೆಂದು ನಾವು ನಂಬಿದ್ದೇವೆ.